ಎಡಗೈ ಊರು ಬಿಡುವುದಿಲ್ಲ

ಪಿಯಾನೋ ತಂತಿವಾದ್ಯವೋ ತಾಳವಾದ್ಯವೋ ಎಂಬ ಜಗಳ ಹಳೆಯದು, ಅದು ಬೇಗ ಮುಗಿಯಲಿ ಎಂಬ ಆಸೆ ನನಗಿಲ್ಲ. ಮುಚ್ಚಳ ಎತ್ತಿ ನೋಡಿದರೆ ಒಳಗೆ ಇನ್ನೂರಕ್ಕೂ ಹೆಚ್ಚು ತಂತಿಗಳು ಬಿಗಿದುಕೊಂಡಿರುತ್ತವೆ. ಆದರೆ ಅವನ್ನು ಯಾರೂ ಮೀಟುವುದಿಲ್ಲ, ಕಮಾನು ಹಿಡಿದು ಉಜ್ಜುವುದೂ ಇಲ್ಲ. ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆಗಳು ಬಂದು ಬಡಿಯುತ್ತವೆ. ಬಡಿದದ್ದೇ ತಡ, ಸ್ವರ ವಾದಕನ ಕೈಬಿಟ್ಟು ಹೋಗುತ್ತದೆ. ಅದನ್ನು ಜಾರಿಸುವಂತಿಲ್ಲ, ಗಮಕ ಕೊಟ್ಟು ತೂಗುವಂತಿಲ್ಲ. ತನ್ನಷ್ಟಕ್ಕೆ ಕ್ಷೀಣಿಸುತ್ತ ಕರಗುತ್ತದೆ. ವೀಣೆ ಕೇಳಿ ಬೆಳೆದ ಕಿವಿಗೆ ಇದೊಂದು ದೊಡ್ಡ ಕೊರತೆಯಾಗಿ ಕಾಣುವುದು ಸಹಜ. ಹಾಗಿದ್ದೂ ಈ ವಾದ್ಯದ ಮುಂದೆ ಕೂತವರು ತಲೆಮಾರುಗಳಿಂದ ಅದನ್ನು ಹಾಡಿಸಲು ಹೊರಟಿದ್ದಾರೆ, ಹಾಡಿಸಿಯೂ ಇದ್ದಾರೆ. ಷೋಪಾನ್ ಹಾಡಿಸಿದರು, ಬಿಲ್ ಎವಾನ್ಸ್ ಹಾಡಿಸಿದರು.

ಈ ಜಗಳದಲ್ಲಿ ಎರಡೂ ಕಡೆಯ ಪರವಾಗಿ ಸಾಕ್ಷಿ ಹೇಳಬಲ್ಲವರು ಯಾರಾದರೂ ಬೇಕೆಂದರೆ ನಾನು ಪಾಬ್ಲೋ ಜೀಗ್ಲರ್ ಅವರನ್ನು ಕರೆಯುತ್ತೇನೆ. 1944ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವರು. ಕಲಿತದ್ದು ಶಾಸ್ತ್ರೀಯ ಪಿಯಾನೋ, ಪಳಗಿದ್ದು ಜಾಝ್‌ನಲ್ಲಿ, ಲೋಕಕ್ಕೆ ಪರಿಚಯವಾದದ್ದು ಟ್ಯಾಂಗೋದಿಂದ. ‘ಮೂರನ್ನೂ ಬೆರೆಸಿದವರು’ ಎಂದೇ ಅವರ ಬಗ್ಗೆ ಬರೆಯುವುದು ವಾಡಿಕೆ. ನನಗೆ ಆ ಮಾತು ಸಾಲದು ಅನ್ನಿಸುತ್ತದೆ. ಬೆರೆಸುವುದೇನೂ ಕಷ್ಟದ ಕೆಲಸವಲ್ಲ. ಹಳೆಯ ಧಾಟಿಯೊಂದರ ಕೆಳಗೆ ಡ್ರಮ್ ಇಟ್ಟು, ಮೇಲೆ ಸ್ಯಾಕ್ಸೊಫೋನ್ ಹರಿಯಬಿಟ್ಟರೆ ಬೆರಕೆ ಆಗುತ್ತದೆ; ಆದರೆ ಎರಡು ಸಂಗೀತಗಳಿಗೂ ಪರಸ್ಪರ ಏನೂ ಆಗಿರುವುದಿಲ್ಲ. ಜೀಗ್ಲರ್ ಅವರ ಕೈಯಲ್ಲಿ ಏನೋ ಆಗಿದೆ. ಕೇಳುತ್ತ ಕೇಳುತ್ತ ನನಗೆ ಹೊಳೆದದ್ದು ಇಷ್ಟು: ಅವರ ಎಡಗೈ ಬ್ಯೂನಸ್ ಐರಿಸ್ ಬಿಟ್ಟು ಕದಲುವುದಿಲ್ಲ, ಅದಕ್ಕೇ ಬಲಗೈ ಎಲ್ಲಿಗೆ ಬೇಕಾದರೂ ಹೋಗಿಬರಬಲ್ಲದು.

ಎಡಗೈಯ ಮಾತು ಬಂದದ್ದರಿಂದ ಮೊದಲು ಒಂದು ಸಂಗತಿ ಹೇಳಬೇಕು. ಟ್ಯಾಂಗೋ ಮೇಳದಲ್ಲಿ ಡ್ರಮ್ ಇಲ್ಲ. ಚರ್ಮವಾದ್ಯ ಯಾವುದೂ ಇಲ್ಲ. ಸಿನಿಮಾಗಳಲ್ಲಿ ಟ್ಯಾಂಗೋ ನರ್ತಕರನ್ನು ನೋಡಿ, ಆ ಹೆಜ್ಜೆಗಳ ಬಿರುಸನ್ನು ನೋಡಿ, ಹಿಂದೆ ಎಲ್ಲೋ ದೊಡ್ಡ ಡೋಲು ಇದ್ದೇ ಇರಬೇಕು ಎಂದುಕೊಳ್ಳುವವರು ಬಹಳ. ಇರುವುದು ತಿದಿಯೊತ್ತಿ ನುಡಿಸುವ ಬಾಂದೊನಿಯೋನ್‌ಗಳು, ಪಿಟೀಲುಗಳು, ಒಂದು ಡಬಲ್ ಬಾಸ್, ಒಂದು ಪಿಯಾನೋ. 1910ರ ದಶಕದಲ್ಲಿ ರೊಬೆರ್ತೊ ಫಿರ್ಪೊ ಅಂಥವರು ಪಿಯಾನೋವನ್ನು ಟ್ಯಾಂಗೋ ಮೇಳದೊಳಗೆ ತಂದು ಕೂರಿಸಿದ ಮೇಲೆ, ತಾಳ ಹೊರುವ ಕೆಲಸ ಮುಖ್ಯವಾಗಿ ಅದರ ಎಡಗೈಗೂ ಪಕ್ಕದ ಬಾಸ್‌ಗೂ ಬಿತ್ತು. ಜಾಝ್‌ನಲ್ಲಿ ಪಿಯಾನೋದವರು ಬೇಕೆಂದಾಗ ಎಡಗೈಯನ್ನು ಸುಮ್ಮನಿರಿಸಬಹುದು, ಆಗೊಂದು ಈಗೊಂದು ಕಾರ್ಡ್ ಚಿಮುಕಿಸಿದರೆ ಸಾಕು. ಲಯ ನೋಡಿಕೊಳ್ಳಲು ಡ್ರಮ್ಮರ್ ಇದ್ದಾನೆ. ಟ್ಯಾಂಗೋದಲ್ಲಿ ಎಡಗೈ ತೂಕಡಿಸಿದರೆ ನರ್ತಕರ ಕಾಲು ನಿಂತುಹೋಗುತ್ತದೆ.

ಈ ಎಡಗೈಯ ಇತಿಹಾಸದಲ್ಲಿ ಓಸ್ವಾಲ್ದೊ ಪುಗ್ಲಿಯೇಸೆ ಅವರದು ದೊಡ್ಡ ಹೆಸರು. 1946ರಲ್ಲಿ ಅವರು ಧ್ವನಿಮುದ್ರಿಸಿದ ‘ಲಾ ಯುಂಬಾ’ ಎಂಬ ರಚನೆಯನ್ನು ಕೇಳಬೇಕು. ನಾಲ್ಕು ಎಣಿಕೆಗಳಲ್ಲಿ ಒಂದು ಮತ್ತು ಮೂರರ ಮೇಲೆ ಇಡೀ ಮೇಳ ಮೈಭಾರ ಹಾಕಿ ಬೀಳುತ್ತದೆ. ಎರಡು, ನಾಲ್ಕರ ಮೇಲೆ ಪಿಯಾನೋ ತೀರ ಕೆಳಗಿನ ಮನೆಗಳಲ್ಲಿ ಮಂದವಾಗಿ ಗುದ್ದುತ್ತದೆ. ಯುಂ‑ಬಾ, ಯುಂ‑ಬಾ. ಕಮ್ಮಾರನ ಕುಲುಮೆಯ ತಿದಿ ಉಸಿರಾಡಿದಂತೆ. ಪುಗ್ಲಿಯೇಸೆ ಕಮ್ಯುನಿಸ್ಟರು, ಆ ಕಾರಣಕ್ಕೆ ಜೈಲಿಗೂ ಹೋದರು. ಅವರು ಒಳಗಿದ್ದಾಗ ಮೇಳದವರು ಬೇರೆ ಪಿಯಾನೋ ವಾದಕರನ್ನು ಕರೆಸದೆ, ಪಿಯಾನೋ ಮೇಲೆ ಒಂದು ಕೆಂಪು ಕಾರ್ನೇಷನ್ ಹೂವಿಟ್ಟು ಕಾರ್ಯಕ್ರಮ ನಡೆಸುತ್ತಿದ್ದರಂತೆ. ಈಗಲೂ ಅರ್ಜೆಂಟೀನಾದ ಸಂಗೀತಗಾರರು ವೇದಿಕೆ ಏರುವ ಮುನ್ನ ವಿಘ್ನ ಬಾರದಿರಲೆಂದು ‘ಪುಗ್ಲಿಯೇಸೆ, ಪುಗ್ಲಿಯೇಸೆ’ ಎಂದು ಅವರ ಹೆಸರು ಹೇಳಿಕೊಳ್ಳುತ್ತಾರೆ. ಒಬ್ಬ ಪಿಯಾನೋ ವಾದಕರ ಹೆಸರು ರಕ್ಷಾಮಂತ್ರವಾದ ಊರು ಅದು. ಜೀಗ್ಲರ್ ಹುಟ್ಟಿದ್ದು ಅಂಥ ಊರಲ್ಲಿ ಎಂಬುದನ್ನು ನಾನು ಮರೆಯಲಾರೆ.

ಪುಗ್ಲಿಯೇಸೆ ಅವರ ಜೊತೆಗೇ ಒರಾಸಿಯೊ ಸಲ್ಗಾನ್ ಅವರನ್ನೂ ನೆನೆಯಬೇಕು. ಜಾಝ್‌ನ ಹಾರ್ಮನಿಯೂ ಬಾಖ್‌ನ ಶಿಸ್ತೂ ಟ್ಯಾಂಗೋ ಪಿಯಾನೋದೊಳಗೆ ಬರಬಹುದೆಂದು, ಮುಂದೆ ಹೊಸ ಟ್ಯಾಂಗೋ ಕಟ್ಟಿದ ಪಿಯಾಸೋಲಾ ಅವರ ಅಬ್ಬರಕ್ಕೆ ಮುಂಚೆಯೇ ತೋರಿಸಿದವರು. 2016ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ ತುಂಬಿತ್ತು. ಅವರ ‘ಆ ಫುವೇಗೊ ಲೆಂತೊ’ ಕೇಳಿದವರಿಗೆ ಒಂದು ವಿಷಯ ಗೊತ್ತಾಗುತ್ತದೆ: ಟ್ಯಾಂಗೋಗೆ ಜಾಝ್ ಹೊರಗಿನಿಂದ ಬಂದು ಮೆತ್ತಿಕೊಂಡದ್ದಲ್ಲ, ಅಲ್ಲಿನ ಪಿಯಾನೋ ವಾದಕರು ಅದನ್ನು ಮೊದಲಿನಿಂದಲೂ ಒಂದು ಕಿವಿಯಲ್ಲಿ ಕೇಳಿಸಿಕೊಳ್ಳುತ್ತಲೇ ಇದ್ದರು.

ಇನ್ನು ಪಿಯಾಸೋಲಾ. ಅವರ ಕಥೆ ಹೇಳದೆ ಜೀಗ್ಲರ್ ಅವರ ಕಥೆ ಹೇಳಲಾಗದು. ಅಸ್ತೋರ್ ಪಿಯಾಸೋಲಾ 1921ರಲ್ಲಿ ಅರ್ಜೆಂಟೀನಾದ ಕಡಲತೀರದ ಮಾರ್ ದೆಲ್ ಪ್ಲಾತಾದಲ್ಲಿ ಹುಟ್ಟಿ, ನಾಲ್ಕನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ನ್ಯೂಯಾರ್ಕಿಗೆ ಹೋದವರು. ಅಪ್ಪನಿಗೆ ಊರಿನ ಹಂಬಲ, ಟ್ಯಾಂಗೋ ಹಂಬಲ. ಗಿರವಿ ಅಂಗಡಿಯಲ್ಲಿ ಕಂಡ ಒಂದು ಹಳೆಯ ಬಾಂದೊನಿಯೋನನ್ನು 18 ಡಾಲರಿಗೆ ಕೊಂಡು ಎಂಟು ವರ್ಷದ ಮಗನ ಕೈಗಿಟ್ಟರು. ಮಗನ ಕಿವಿಗೋ ಸುತ್ತ ಜಾಝ್. ನೆರೆಯಲ್ಲಿ ಬೇಲಾ ವಿಲ್ಡಾ ಎಂಬ ಹಂಗೇರಿಯನ್ ಪಿಯಾನೋ ವಾದಕರು ಬಾಖ್ ಅಭ್ಯಾಸ ಮಾಡುತ್ತಿದ್ದುದು ಕೇಳಿ ಆ ಹುಡುಗ ಅವರ ಶಿಷ್ಯನಾದ. ಹದಿಮೂರರ ಹೊತ್ತಿಗೆ, ಟ್ಯಾಂಗೋ ಗಾಯನದ ದೇವರೆಂದೇ ಜನ ಎಣಿಸಿದ್ದ ಕಾರ್ಲೋಸ್ ಗಾರ್ದೆಲ್ ನ್ಯೂಯಾರ್ಕಿಗೆ ಬಂದಾಗ ಅವರ ಒಂದು ಚಿತ್ರದಲ್ಲಿ ಪೇಪರ್ ಮಾರುವ ಹುಡುಗನ ಪಾತ್ರ ಸಿಕ್ಕಿತು. ಗಾರ್ದೆಲ್ ತಮ್ಮ ಪ್ರವಾಸಕ್ಕೂ ಹುಡುಗನನ್ನು ಕರೆದರು; ವಯಸ್ಸು ಸಾಲದೆಂದು ಅಪ್ಪ ಕಳಿಸಲಿಲ್ಲ. 1935ರ ಜೂನ್‌ನಲ್ಲಿ ಮೆದೆಯೀನ್‌ನಲ್ಲಿ ಗಾರ್ದೆಲ್ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು ಅದೇ ಪ್ರವಾಸದಲ್ಲಿ. ಆಯುಷ್ಯ ಗಟ್ಟಿ ಇತ್ತು ಎಂದು ನಮ್ಮ ಕಡೆ ಹೇಳುವುದು ಇಂಥದ್ದಕ್ಕೇ.

ಮುಂದೆ ಊರಿಗೆ ಮರಳಿ, ಅನೀಬಾಲ್ ತ್ರೊಯ್ಲೊ ಅವರ ಪ್ರಸಿದ್ಧ ಮೇಳದಲ್ಲಿ ನುಡಿಸಿ, ಹಗಲಲ್ಲಿ ಅಲ್ಬೆರ್ತೊ ಹಿನಾಸ್ತೆರಾ ಅವರಲ್ಲಿ ಸಂಯೋಜನೆ ಕಲಿತ ಪಿಯಾಸೋಲಾ, ಟ್ಯಾಂಗೋ ಬಿಟ್ಟು ಸಿಂಫನಿ ಬರೆಯುವವರಾಗಬೇಕೆಂದು ಹಟ ಹಿಡಿದರು. 1954ರಲ್ಲಿ ಪ್ಯಾರಿಸ್ಸಿಗೆ ಹೋಗಿ ನಾದಿಯಾ ಬುಲಾಂಜೆ ಎಂಬ ಮಹಾಗುರುವಿನ ಮುಂದೆ ತಮ್ಮ ಕೃತಿಗಳ ಕಂತೆ ಇಟ್ಟರು. ಆಕೆ ಎಲ್ಲವನ್ನೂ ನೋಡಿ, ಬರವಣಿಗೆ ಚೆನ್ನಾಗಿದೆ, ಆದರೆ ಇದರಲ್ಲಿ ನೀನು ಎಲ್ಲೂ ಕಾಣಲಿಲ್ಲ ಎಂಬರ್ಥದ ಮಾತಾಡಿದರು. ಊರಲ್ಲಿ ಏನು ನುಡಿಸುತ್ತಿದ್ದೆ ಎಂದು ಕೆದಕಿ ಕೇಳಿ, ಕೊನೆಗೆ ಒಂದು ಟ್ಯಾಂಗೋ ನುಡಿಸಲು ಹೇಳಿದರು. ಪಿಯಾಸೋಲಾ ನಾಚಿಕೊಳ್ಳುತ್ತ ತಮ್ಮ ‘ತ್ರಿಯುನ್ಫಾಲ್’ ನುಡಿಸಿದರು. ಇದೇ ನಿಜವಾದ ಪಿಯಾಸೋಲಾ, ಇದನ್ನು ಎಂದೂ ಬಿಡಬೇಡ ಎಂದರು ಗುರುಗಳು. ಶಿಷ್ಯ ಎಲ್ಲಿಂದ ಬಂದಿದ್ದನೋ ಆ ದಾರಿಗೇ ತಿರುಗಿಸಿ ನಿಲ್ಲಿಸುವ ಗುರುಗಳು ವಿರಳ. ಈ ಪ್ರಸಂಗ ಎಷ್ಟು ಸಲ ಓದಿದರೂ ನನಗೆ ಬುಲಾಂಜೆ ಅವರ ಮೇಲಿನ ಗೌರವ ಹೆಚ್ಚುತ್ತಲೇ ಇದೆ. ಒಂದು ಸಣ್ಣ ವಿವರವನ್ನು ಗಮನಿಸಬೇಕು: ಆ ದಿನ ಆ ಟ್ಯಾಂಗೋ ನುಡಿದದ್ದು ಪಿಯಾನೋದಲ್ಲಿ.

ಪಿಯಾಸೋಲಾ ಆಮೇಲೆ ಕಟ್ಟಿದ ಹೊಸ ಟ್ಯಾಂಗೋದಲ್ಲಿ ಕೇಳುಗರು ಮೊದಲು ಹಿಡಿಯಬೇಕಾದದ್ದು ಲಯ. ನಾಲ್ಕು ಎಣಿಕೆಯನ್ನು ಎಂಟು ಅರೆಗಳಾಗಿ ಒಡೆದು, ಮೂರು, ಮೂರು, ಎರಡು ಎಂದು ಒತ್ತು ಕೊಡುವುದು. ತಕಿಟ ತಕಿಟ ತಕ, ತಕಿಟ ತಕಿಟ ತಕ ಎಂದು ತೊಡೆಯ ಮೇಲೆ ತಟ್ಟಿಕೊಂಡರೆ ಕೂಡಲೇ ಸಿಗುತ್ತದೆ. ಹಳೆಯ ಮಿಲೋಂಗಾ ಹಾಡುಗಳಲ್ಲಿ ಇದು ಇತ್ತು. ಆದರೆ ಅಲ್ಲಿ ಅದು ಲಾಲಿತ್ಯ. ಪಿಯಾಸೋಲಾ ಅದನ್ನು ಇಡೀ ಕೃತಿಯ ಎಂಜಿನ್ ಮಾಡಿಬಿಟ್ಟರು. ಮೇಲಿನಿಂದ ಬಾಖ್‌ನ ಫ್ಯೂಗ್: ಒಂದು ದನಿ ಧಾಟಿ ಎತ್ತಿಕೊಳ್ಳುತ್ತದೆ, ಅದು ಮುಂದೆ ಸಾಗುತ್ತಿದ್ದಂತೆ ಎರಡನೆಯದು ಬೇರೆ ಸ್ಥಾಯಿಯಲ್ಲಿ ಅದೇ ಧಾಟಿಯೊಂದಿಗೆ ಹಿಂದೆ ಬರುತ್ತದೆ, ಮತ್ತೆ ಮೂರನೆಯದು. ‘ಫುಗಾ ಇ ಮಿಸ್ತೇರಿಯೊ’ ಹೀಗೆ ಶುರುವಾಗುವ ಕೃತಿ. ಹಳಬರು ಸಿಟ್ಟಾದರು. 1953ರಲ್ಲಿ ಅವರ ಸಿಂಫನಿ ಕೃತಿಯೊಂದು ಬ್ಯೂನಸ್ ಐರಿಸ್‌ನಲ್ಲಿ ಮೊದಲು ನುಡಿದಾಗಲೇ, ಗಂಭೀರ ವಾದ್ಯವೃಂದದ ನಡುವೆ ಬಾಂದೊನಿಯೋನ್ ಕಂಡು ಸಭೆಯಲ್ಲಿ ಹೊಡೆದಾಟವಾಗಿತ್ತು. ಈಗ ಎದುರು ಪಕ್ಷದವರ ಸರದಿ: ಇದು ಟ್ಯಾಂಗೋ ಅಲ್ಲವೇ ಅಲ್ಲ ಎಂದರು. ತಮ್ಮದು ಬ್ಯೂನಸ್ ಐರಿಸ್‌ನ ಸಮಕಾಲೀನ ಸಂಗೀತ ಎಂದು ಪಿಯಾಸೋಲಾ ಹೇಳತೊಡಗಿದರು.

ಬಾಂದೊನಿಯೋನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹುಟ್ಟಿದ್ದು ಜರ್ಮನಿಯಲ್ಲಿ, ಕ್ರೇಫೆಲ್ಡ್ ಊರಿನ ಹೈನ್‌ರಿಷ್ ಬಾಂಡ್ ಎಂಬವರಿಂದ ಅದಕ್ಕೆ ಆ ಹೆಸರು. ನಮ್ಮ ಹಾರ್ಮೋನಿಯಂನಂತೆಯೇ ಒಳಗೆ ಲೋಹದ ರೀಡುಗಳು, ತಿದಿಯಿಂದ ಗಾಳಿ. ಆದರೆ ಒಂದೇ ಗುಂಡಿ ತಿದಿ ಬಿಡಿಸುವಾಗ ಒಂದು ಸ್ವರ ಕೊಟ್ಟರೆ, ಮುಚ್ಚುವಾಗ ಇನ್ನೊಂದು ಸ್ವರ ಕೊಡುತ್ತದೆ. 71 ಗುಂಡಿ, 142 ಸ್ವರ. ಕಲಿಯುವವರು ನಾಲ್ಕು ಬೇರೆಬೇರೆ ನಕ್ಷೆಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು: ಎರಡು ಕೈಗೆ ಎರಡೆರಡು. ಸ್ಯಾಕ್ಸನಿಯ ಆಲ್ಫ್ರೆಡ್ ಆರ್ನಾಲ್ಡ್ ಕಾರ್ಖಾನೆಯದ್ದೇ ಶ್ರೇಷ್ಠ ಎಂದು ಹೆಸರಾಗಿತ್ತು. ವಾದಕರು ಅದನ್ನು ಅಕ್ಕರೆಯಿಂದ ‘ದೋಬ್ಲೆ ಆ’ ಎನ್ನುತ್ತಾರೆ. ಪಿಯಾಸೋಲಾ ಅದನ್ನು ಕೂತು ನುಡಿಸುತ್ತಿರಲಿಲ್ಲ. ನಿಂತು, ಒಂದು ಕಾಲನ್ನು ಎತ್ತರದ ಪೀಠದ ಮೇಲಿಟ್ಟು, ತೊಡೆಯ ಮೇಲೆ ವಾದ್ಯವನ್ನು ಹರಡಿಕೊಂಡು ನುಡಿಸುತ್ತಿದ್ದರು. ಆ ವಾದ್ಯದ ಅಳಲಿನ ಬಗ್ಗೆಯೇ ‘ತ್ರಿಸ್ತೇಸಾಸ್ ದೆ ಉನ್ ದೋಬ್ಲೆ ಆ’ ಎಂಬ ರಚನೆ ಮಾಡಿದರು.

1978ರಲ್ಲಿ ಅವರು ತಮ್ಮ ಕ್ವಿಂಟೆಟ್ ಅನ್ನು, ಐವರ ಮೇಳವನ್ನು, ಮತ್ತೆ ಕಟ್ಟಿದಾಗ ಪಿಯಾನೋಗೆ ಕರೆದದ್ದು ಜೀಗ್ಲರ್ ಅವರನ್ನು. ಪಿಟೀಲಿಗೆ ಫೆರ್ನಾಂದೊ ಸುವಾರೆಸ್ ಪಾಸ್, ಬಾಸ್‌ಗೆ ಎಕ್ತೋರ್ ಕೊನ್ಸೋಲೆ, ಎಲೆಕ್ಟ್ರಿಕ್ ಗಿಟಾರಿಗೆ ಮೊದಲು ಓಸ್ಕರ್ ಲೋಪೆಸ್ ರುಯಿಸ್, ಆಮೇಲೆ ಒರಾಸಿಯೊ ಮಾಲ್ವಿಸೀನೊ. ಟ್ಯಾಂಗೋ ಮೇಳಗಳಲ್ಲಿ ಬೆಳೆದ ಪಿಯಾನೋ ವಾದಕರು ಊರ ತುಂಬ ಇರುವಾಗ ಜಾಝ್‌ನವರನ್ನು ಕರೆದದ್ದರಲ್ಲಿ ಒಂದು ಲೆಕ್ಕಾಚಾರ ಇರಲೇಬೇಕು. ಪಿಯಾಸೋಲಾ ತಮ್ಮ ಸಂಗೀತವನ್ನು ಬರೆದೇ ಕೊಡುವವರು. ಆದರೆ ಬರೆದದ್ದನ್ನು ಬರೆದಂತೆಯೇ ನುಡಿಸಿದರೆ ಟ್ಯಾಂಗೋ ಆಗುವುದಿಲ್ಲ. ಅದಕ್ಕೊಂದು ಒರಟುತನ ಬೇಕು, ಹಿಂದೆಮುಂದೆ ಎಳೆದಾಟ ಬೇಕು. ಟ್ಯಾಂಗೋದವರು ಅದನ್ನು ‘ಮುಗ್ರೆ’, ಕೊಳೆ, ಎಂದೇ ಕರೆಯುತ್ತಾರೆ. ಉದಾಹರಣೆಗೆ ಎಣಿಕೆಗೆ ಮುಂಚೆ ಸ್ವರವನ್ನು ಕೆಳಗಿನಿಂದ ಎಳೆದುತಂದು ಎಣಿಕೆಯ ಮೇಲೆ ಕೆಡವುವುದು, ಅವರ ಮಾತಿನಲ್ಲಿ ‘ಅರಾಸ್ತ್ರೆ’. ಪಿಟೀಲಿಗೆ, ಬಾಸ್‌ಗೆ ಅದು ಸಹಜ. ಜಾರು ಗೊತ್ತಿಲ್ಲದ ಪಿಯಾನೋದಲ್ಲಿ ಎಡಗೈ ತೀರ ಕೆಳಗಿನ ಮನೆಗಳನ್ನು ಒಂದರ ಮೇಲೊಂದು ಒತ್ತಿ ಉಜ್ಜಿಕೊಂಡು ಬಂದು ಎಣಿಕೆಗೆ ಸರಿಯಾಗಿ ಗುದ್ದುತ್ತದೆ. ಜಾರಿದಂತೆ ಕಿವಿಗೆ ಭ್ರಮೆಯಾಗುತ್ತದೆ. ಜೀಗ್ಲರ್ ಅವರ ಅರಾಸ್ತ್ರೆ ಕೇಳುವಾಗ ನನಗೆ ಸುತ್ತಿಗೆಯ ವಾದ್ಯ ಎಂಬುದೇ ಮರೆತುಹೋಗುತ್ತದೆ.

1984ರಲ್ಲಿ ಮಾಂಟ್ರಿಯಲ್ ಜಾಝ್ ಉತ್ಸವದಲ್ಲಿ ಈ ಐವರು ನುಡಿಸಿದ ಕಛೇರಿಯ ಚಿತ್ರೀಕರಣವಿದೆ. ಆಸಕ್ತರು ಅದರಲ್ಲಿ ‘ಅದಿಯೋಸ್ ನೊನಿನೊ’ ನೋಡಬೇಕು. ನೊನಿನೊ ಎಂದರೆ ಪಿಯಾಸೋಲಾ ಅವರ ತಂದೆ, ಅದೇ ಹದಿನೆಂಟು ಡಾಲರಿನ ಮನುಷ್ಯ. 1959ರಲ್ಲಿ ಅವರು ತೀರಿಹೋದ ಸುದ್ದಿ ದೂರದೇಶದಲ್ಲಿದ್ದ ಮಗನಿಗೆ ಬಂತು. ಆಗ ಮತ್ತೆ ವಾಸವಿದ್ದ ನ್ಯೂಯಾರ್ಕಿನ ಮನೆಗೆ ಮರಳಿ, ಒಬ್ಬರೇ ಕೂತು ಬರೆದ ವಿದಾಯ ಅದು. ದಶಕದ ಬಳಿಕ, 1969ರಲ್ಲಿ, ದಾಂತೆ ಅಮಿಕರೆಲ್ಲಿ ಎಂಬ ಅಸಾಧಾರಣ ಪಿಯಾನೋ ವಾದಕರಿಗಾಗಿ ಇದಕ್ಕೊಂದು ದೀರ್ಘ ಪಿಯಾನೋ ಪೀಠಿಕೆ ಬರೆದರು. ಅದು ಸ್ವರ ಸ್ವರವೂ ಬರೆದದ್ದು. ಜೀಗ್ಲರ್ ಬಂದ ಮೇಲೆ ಆ ಪೀಠಿಕೆಯ ಜಾಗ ಅವರ ಮನೋಧರ್ಮಕ್ಕೆ ಬಿಟ್ಟ ಜಾಗವಾಯಿತು. ಉಳಿದ ನಾಲ್ವರು ಸುಮ್ಮನಿರುತ್ತಾರೆ. ಪಿಯಾಸೋಲಾ ಕೂಡ. ತನ್ನ ತಂದೆಯ ಸಾವಿಗೆ ಬರೆದ ಕೃತಿಯ ಬಾಗಿಲು ತೆರೆಯುವ ಕೆಲಸವನ್ನು ಇನ್ನೊಬ್ಬರ ಕೈಗೆ, ಅದೂ ಆ ಹೊತ್ತಿಗೆ ತೋಚಿದಂತೆ ನುಡಿಸುವ ಕೈಗೆ, ಒಪ್ಪಿಸುವುದೆಂದರೆ ಎಂಥ ನಂಬಿಕೆ! ಜೀಗ್ಲರ್ ಅಲ್ಲಿ ಮೂರೂ ಸಂಗೀತಗಳಲ್ಲಿ ಓಡಾಡುತ್ತಾರೆ. ರಾಖ್‌ಮಾನಿನೋವ್ ಗಾತ್ರದ ಕಾರ್ಡುಗಳು ಏಳುತ್ತವೆ, ಅವು ಕರಗುವಷ್ಟರಲ್ಲಿ ಜಾಝ್‌ನ ಓರೆ ಹಾರ್ಮನಿ ಬರುತ್ತದೆ, ಬಲಗೈ ಒಂದು ಎಳೆ ಹಿಡಿದು ಅಲೆಯುತ್ತ ಹೋಗುತ್ತದೆ. ಎಡಗೈ ಆಗಾಗ ಒಂದು ಗುದ್ದು ಕೊಟ್ಟು ಊರನ್ನು ನೆನಪಿಸುತ್ತದೆ. ಮೇಳ ಸೇರಿಕೊಂಡಾಗ ನಾವು ಎಲ್ಲೂ ಹೊರಗೆ ಹೋಗಿರಲೇ ಇಲ್ಲ ಅನ್ನಿಸುತ್ತದೆ. ಅದೇ ಕಛೇರಿಯ ‘ಚಿನ್ ಚಿನ್’ ಕೂಡ ಪಿಯಾನೋಗೆ ಬಿಟ್ಟುಕೊಟ್ಟ ಅಂಗಳ. ಅಲ್ಲಿ ವಿಷಾದವಿಲ್ಲ, ಬರೀ ಹುರುಪು.

ಸುಮಾರು ಹತ್ತು ವರ್ಷ ಹೀಗೆ ನಡೆಯಿತು. 1986ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ‘ಟ್ಯಾಂಗೋ: ಝೀರೋ ಅವರ್’ ತಮ್ಮ ಬದುಕಿನ ಅತ್ಯುತ್ತಮ ಆಲ್ಬಂ ಎಂದು ಪಿಯಾಸೋಲಾ ಅವರೇ ಪರಿಗಣಿಸಿದ್ದರು. ಅದೇ ವರ್ಷ ಮಾಂಟ್ರೊ ಉತ್ಸವದಲ್ಲಿ ಜಾಝ್‌ನ ವೈಬ್ರಫೋನ್ ವಾದಕ ಗ್ಯಾರಿ ಬರ್ಟನ್ ಇವರ ಜೊತೆಗೂಡಿದರು. 1988ರಲ್ಲಿ ಪಿಯಾಸೋಲಾ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ಕ್ವಿಂಟೆಟ್ ಚದುರಿತು. 1992ರ ಜುಲೈಯಲ್ಲಿ ಅವರು ತೀರಿಕೊಂಡರು.

ದೊಡ್ಡವರ ಪಕ್ಕದಲ್ಲಿ ಹತ್ತು ವರ್ಷ ನುಡಿಸಿದವರಿಗೆ ಆಮೇಲಿನ ದಾರಿ ಸುಲಭವಲ್ಲ. ಗುರುವಿನ ಕೃತಿಗಳನ್ನು ಇದ್ದಂತೆಯೇ ಕಾಪಾಡಿಕೊಂಡು ಹೋಗುವುದು ಒಂದು ದಾರಿ. ಅದನ್ನು ನಾನು ಕೀಳುಗಳೆಯುವುದಿಲ್ಲ, ಯಾರಾದರೂ ಆ ಕೆಲಸ ಮಾಡಲೇಬೇಕು. ಜೀಗ್ಲರ್ ಕೃತಿಗಳನ್ನು ಬಿಚ್ಚಿ ಮತ್ತೆ ಹೊಲಿದರು. 1996ರಲ್ಲಿ ಬಂದ ‘ಲೋಸ್ ತಾಂಗೇರೋಸ್’ ನನಗೆ ಬಹಳ ಪ್ರಿಯವಾದ ಆಲ್ಬಂ. ಐದು ವಾದ್ಯಗಳ ಸಂಗೀತವನ್ನು ಜೀಗ್ಲರ್ ಎರಡು ಪಿಯಾನೋಗಳಿಗೆ ಅಳವಡಿಸಿದರು. ಎರಡನೆಯ ಪಿಯಾನೋದಲ್ಲಿ ಕೂತವರು ಬೀಥೋವನ್, ಬ್ರಾಮ್ಸ್, ಷೋಪಾನ್‌ಗಳಿಗೆ ಹೆಸರಾದ ಇಮ್ಯಾನುಯೆಲ್ ಆಕ್ಸ್. ಬಾಂದೊನಿಯೋನ್‌ನ ಎಳೆತವೂ ಇಲ್ಲ, ಪಿಟೀಲಿನ ಬಿಕ್ಕೂ ಇಲ್ಲ. ಕ್ಷೀಣಿಸುವ ಸ್ವರಗಳ ವಾದ್ಯ ಎರಡು, ಅಷ್ಟೇ. ಆಗ ಪಿಯಾಸೋಲಾ ಅವರ ಕಟ್ಟಡದ ಕಂಬ ತೊಲೆಗಳು ಎದ್ದು ಕಾಣುತ್ತವೆ, ಅವರು ಬುಲಾಂಜೆ ಅವರ ಶಿಷ್ಯರಾಗಿದ್ದರೆಂಬುದು ಕಿವಿಗೇ ಗೊತ್ತಾಗುತ್ತದೆ. ಆಕ್ಸ್ ಅವರ ಸ್ಪರ್ಶ ತಿಳಿಯಾದದ್ದು, ಜೀಗ್ಲರ್ ಅವರದು ಒರಟು. ಎರಡೂ ಒಂದನ್ನೊಂದು ನುಂಗುವುದಿಲ್ಲ.

ಜೊತೆಜೊತೆಗೆ ಸ್ವಂತ ರಚನೆಗಳು ಬಂದವು. ‘ಆಸ್ಫಾಲ್ತೊ’, ‘ಲಾ ರಯುವೇಲಾ’, ‘ಮುಚಾಚಾ ದೆ ಬೊಯೇದೊ’. ರಯುವೇಲಾ ಎಂದರೆ ನಮ್ಮ ಕುಂಟೆಬಿಲ್ಲೆ ಆಟ. ಅರ್ಜೆಂಟೀನಾದ ಹೂಲಿಯೊ ಕೊರ್ತಾಸಾರ್ ಅವರ 1963ರ ಕಾದಂಬರಿಗೂ ಅದೇ ಹೆಸರು. ಬೊಯೇದೊ ಬ್ಯೂನಸ್ ಐರಿಸ್‌ನ ಒಂದು ಬಡಾವಣೆ. ಹೆಸರುಗಳಲ್ಲೇ ಆ ಊರಿನ ಡಾಂಬರು, ಮಕ್ಕಳಾಟ, ಓಣಿಯ ಹುಡುಗಿ ಎಲ್ಲ ಇದ್ದಾರೆ. ಇವೆಲ್ಲವೂ ಪಿಯಾಸೋಲಾ ಅವರ ಕೃತಿಗಳಷ್ಟು ಆಳಕ್ಕೆ ಇಳಿಯುತ್ತವೆ ಎಂದು ನಾನು ಹೇಳಲಾರೆ. ಆದರೆ ಅವುಗಳಲ್ಲಿ ಒಂದು ಉಸಿರಾಡುವ ಜಾಗವಿದೆ. ಪಿಯಾಸೋಲಾ ಕೇಳುಗರನ್ನು ಕುತ್ತಿಗೆಪಟ್ಟಿ ಹಿಡಿದು ಎಳೆದೊಯ್ಯುತ್ತಾರೆ. ಜೀಗ್ಲರ್ ಜೊತೆಗೆ ನಡೆಯುತ್ತಾರೆ, ನಡುವೆ ನಿಲ್ಲುತ್ತಾರೆ, ಗಿಟಾರಿನವರಿಗೆ ಹೇಳುವುದಿದ್ದರೆ ಹೇಳಲು ಬಿಡುತ್ತಾರೆ. ಅದು ಜಾಝ್‌ನಿಂದ ಬಂದ ಸೌಜನ್ಯ.

ಗಿಟಾರಿನ ಕೀಕೆ ಸಿನೆಸಿ, ಬಾಂದೊನಿಯೋನಿನ ವಾಲ್ತೆರ್ ಕಾಸ್ತ್ರೊ ಜೊತೆ ಮಾಡಿದ ‘ಬಾಹೊ ಸೆರೊ’ ಆಲ್ಬಂಗೆ 2005ರಲ್ಲಿ ಟ್ಯಾಂಗೋ ವಿಭಾಗದ ಲ್ಯಾಟಿನ್ ಗ್ರ್ಯಾಮಿ ಬಂತು. ಎಕ್ತೋರ್ ದೆಲ್ ಕುರ್ತೊ ಅವರ ಬಾಂದೊನಿಯೋನ್, ಕ್ಲಾವ್ದಿಯೊ ರಗಾಸಿ ಅವರ ಗಿಟಾರ್ ಜೊತೆಗಿನ ‘ಜಾಝ್ ಟ್ಯಾಂಗೋ’ಗೆ 2018ರಲ್ಲಿ ಗ್ರ್ಯಾಮಿ ಬಂದಾಗ ವಿಭಾಗ ಬೇರೆ: ಲ್ಯಾಟಿನ್ ಜಾಝ್. ಆಗ ಜೀಗ್ಲರ್ ಅವರಿಗೆ 73. ಲ್ಯಾಟಿನ್ ಜಾಝ್ ಎಂದರೆ ಜನರ ಮನಸ್ಸಿಗೆ ಬರುವುದು ಕ್ಯೂಬಾ, ಬ್ರೆಜಿಲ್, ಮತ್ತು ತರತರದ ಚರ್ಮವಾದ್ಯಗಳು. ಆ ಪ್ರಶಸ್ತಿಯನ್ನು ಒಂದೂ ಚರ್ಮವಾದ್ಯವಿಲ್ಲದ ಮೂವರ ಮೇಳ ತೆಗೆದುಕೊಂಡಿತು ಎಂಬುದು ನನಗೆ ನಿಜವಾಗಿ ಸಂತೋಷ ಕೊಟ್ಟ ಸುದ್ದಿ.

ಇದನ್ನೆಲ್ಲ ಓದಿ ಕೇಳಬೇಕೆನ್ನಿಸಿದವರಿಗೆ ಒಂದು ಸಲಹೆ. ‘ಮಿಕೆಲಾಂಜೆಲೊ 70’ ಎಂಬ ಪುಟ್ಟ ರಚನೆಯಿಂದ ಶುರುಮಾಡಿ. ಬ್ಯೂನಸ್ ಐರಿಸ್‌ನ ಒಂದು ಕ್ಲಬ್ಬಿನ ಹೆಸರು ಅದು; ರಚನೆಯುದ್ದಕ್ಕೂ ತಕಿಟ ತಕಿಟ ತಕ ಬಿಡುವಿಲ್ಲದೆ ಓಡುತ್ತದೆ. ಮೊದಲು ‘ಝೀರೋ ಅವರ್’ನದು ಕೇಳಿ, ಆಮೇಲೆ ‘ಜಾಝ್ ಟ್ಯಾಂಗೋ’ದಲ್ಲಿರುವುದು. ಎರಡರ ನಡುವೆ ಮೂರು ದಶಕ. ಮೊದಲನೆಯದರಲ್ಲಿ ಐವರು, ಕೆಳಗಿನ ಭಾರವನ್ನು ಕೊನ್ಸೋಲೆ ಅವರ ಬಾಸ್ ಹೊತ್ತಿದೆ, ಪಿಯಾನೋ ಅದಕ್ಕೆ ಹೆಗಲು ಕೊಟ್ಟಿದೆ. ಎರಡನೆಯದರಲ್ಲಿ ಬಾಸ್ ಇಲ್ಲ, ಪಿಟೀಲೂ ಇಲ್ಲ. ಆದರೂ ನೆಲ ಎಲ್ಲೂ ಕುಸಿದಿಲ್ಲ, ಏಕೆಂದರೆ ಆ ಜಾಗಕ್ಕೆ ಬಂದು ನಿಂತಿರುವುದು ಜೀಗ್ಲರ್ ಅವರ ಎಡಗೈ. ಬಲಗೈ ಏನು ಮಾಡುತ್ತಿದೆ ಎಂದು ಎರಡನೆಯ ಸಲ ಕೇಳುವಾಗ ಗಮನಿಸಿದರೆ ಸಾಕು.